ರಬ್ಬರ್ ಹಾಲಿಗೆ ಹುಣಸೆ ಬೀಜದ ಗಂಜಿ

ಬೆಳ್ತಂಗಡಿಯ ತೋಟಗಳಲ್ಲಿ ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚು ಕಟ್ಟಿಕೊಂಡು ಓಡಾಡುವವರು ರಬ್ಬರ್ ಟ್ಯಾಪಿಂಗಿನವರು. ಬಿಸಿಲೇರಿದರೆ ಮರ ಹಾಲಿಳಿಸುವುದು ಕಮ್ಮಿ. ಗೆರಟೆಗೆ ಬಿದ್ದ ಹಾಲನ್ನು ಹೊತ್ತಿಗೆ ಸರಿಯಾಗಿ ಶೆಡ್ಡಿಗೆ ತರದಿದ್ದರೆ ತಾನಾಗಿಯೇ ಗಟ್ಟಿಯಾಗಿ ಸ್ಕ್ರಾಪಿನ ರೇಟಿಗೆ ಹೋಗುತ್ತದೆ. ಕೇರಳದಿಂದ ಬಂದು ಘಟ್ಟದ ತಪ್ಪಲಲ್ಲಿ ನೆಲೆಸಿದವರ ಜೊತೆ ಬೇರೂರಿದ ಈ ಬೆಳೆ ಬಂಟ್ವಾಳ, ಮೂಡುಬಿದಿರೆಯ ಗುಡ್ಡಗಳಿಗೂ ಹಬ್ಬಿದೆ. ಉಜಿರೆಯಲ್ಲಿ ಬೆಳೆಗಾರರದೇ ಸಹಕಾರ ಸಂಘವಿದೆ. ಇವರೆಲ್ಲರ ನಿತ್ಯದ ಕೆಲಸ ಒಂದೇ: ಹಾಲಿನಿಂದ ನೀರನ್ನು ಬಿಡಿಸುವುದು.

ಈ ಹಾಲಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ರಬ್ಬರ್, ಉಳಿದದ್ದು ಬಹುಪಾಲು ನೀರು. ರಬ್ಬರ್ ನೀರಿನಲ್ಲಿ ಕರಗಿಲ್ಲ. ಕಣ್ಣಿಗೆ ಕಾಣದ ಕಣಗಳಾಗಿ ತೇಲಾಡುತ್ತಿದೆ. ಒಂದೊಂದು ಕಣದೊಳಗೂ ಐಸೊಪ್ರೀನ್ ಎಂಬ ಅಣುವಿನ ಉದ್ದುದ್ದ ಸರಪಳಿಗಳು, ಅಂದರೆ ಪಾಲಿಮರ್. ಹೊರಮೈಗೆ ಪ್ರೋಟೀನ್ ಮತ್ತು ಕೊಬ್ಬಿನ ತೆಳು ಪದರ. ಸೋಪಿನ ಕೆಲಸವನ್ನು ಮರದಲ್ಲಿ ಮಾಡುವುದು ಈ ಪದರವೇ. ಅದರ ಋಣ ವಿದ್ಯುದಂಶದಿಂದಾಗಿ ಕಣಗಳು ಒಂದನ್ನೊಂದು ದೂಡುತ್ತಾ ಬೇರೆಬೇರೆಯಾಗಿ ಇರುತ್ತವೆ.

ಡಿಶ್ಶಿಗೆ ಸುರಿದ ಹಾಲಿಗೆ ನೀರು ಬೆರೆಸಿ ಫಾರ್ಮಿಕ್ ಆಸಿಡ್ ಹಾಕಿದಾಗ ಆ ದೂಡಾಟ ನಿಲ್ಲುತ್ತದೆ. ಕಣಗಳು ಒಂದಕ್ಕೊಂದು ಅಂಟಿ, ಮರುದಿನಕ್ಕೆ ಮೆತ್ತನೆಯ ಬಿಳಿ ಹಲ್ಲೆಯಾಗುತ್ತವೆ. ರೋಲರಿಗೆ ಕೊಟ್ಟು ಹೊಗೆಮನೆಯಲ್ಲಿ ತೂಗುಹಾಕಿದರೆ ಶೀಟ್. ಈ ದಾರಿಯಲ್ಲಿ ಹೋದ ರಬ್ಬರ್ ಮತ್ತೆ ಹಾಲಾಗುವುದಿಲ್ಲ. ಆದರೆ ಕೈಗವಸಿಗೆ, ಬಲೂನಿಗೆ ಬೇಕಾದದ್ದು ಹಾಲೇ, ಅದೂ ಸುಮಾರು ಶೇಕಡಾ 60 ರಬ್ಬರ್ ಇರುವ ದಪ್ಪ ಹಾಲು. ದೊಡ್ಡ ಕಾರ್ಖಾನೆಗಳು ಇದನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಪಡೆಯುತ್ತವೆ. ಯಂತ್ರವಿಲ್ಲದವರಿಗೂ ಒಂದು ಹಳೆಯ ಉಪಾಯವುಂಟು. ಅದಕ್ಕೆ ಬೇಕಾದದ್ದು ನಾವು ಸಾರಿಗೆ ಹುಳಿ ಕಿವುಚಿ ಆಚೆ ಎಸೆಯುವ ಹುಣಸೆ ಬೀಜ.

ಬೀಜದ ಪುಡಿಯನ್ನು ನೂರು ಲೀಟರ್ ನೀರಿಗೆ 3 ಕಿಲೊದ ಲೆಕ್ಕದಲ್ಲಿ ಬೇಯಿಸಿದರೆ ಲೋಳೆಯಂಥ ಗಂಜಿಯಾಗುತ್ತದೆ. ಹಾಲು ಕೆಡದಂತೆ ಮೊದಲು ಅಮೋನಿಯ ಹಾಕಿ, ಆಮೇಲೆ ಗಂಜಿಯನ್ನೂ ತುಸು ಸೋಪಿನ ದ್ರಾವಣವನ್ನೂ ಕಲಸಿ, ಬ್ಯಾರೆಲನ್ನು ಅಲುಗಿಸದೆ ಬಿಡಬೇಕು. ದಿನ ಕಳೆದಂತೆ ಮೇಲೆ ದಪ್ಪ ಕೆನೆ, ಅಡಿಯಲ್ಲಿ ತೆಳು ನೀರು.

ನನಗೆ ಆಸಿಡ್ಡಿಗಿಂತ ಈ ಗಂಜಿಯ ಕರಾಮತ್ತೇ ಸೋಜಿಗ. ಅದರಲ್ಲಿರುವುದೂ ಪಾಲಿಮರ್, ಸಕ್ಕರೆಯ ಕೊಂಡಿಗಳ ಸರಪಳಿ. ನೀರಿನಲ್ಲಿ ಅದು ಸಡಿಲ ಉಂಡೆಯಾಗಿ ಹಿಗ್ಗಿರುತ್ತದೆ. ಎರಡು ರಬ್ಬರ್ ಕಣಗಳ ನಡುವಿನ ಸಂದು ಈ ಉಂಡೆಗಿಂತ ಕಿರಿದಾದರೆ ಉಂಡೆ ಒಳಗೆ ತೂರಲಾರದು. ಸಂದಿನಲ್ಲಿ ಬರೀ ನೀರು, ಸುತ್ತ ಗಂಜಿ. ಹೊರಗಿನ ಒತ್ತಡ ಹೆಚ್ಚಾಗಿ ಕಣಗಳು ಹತ್ತಿರ ಸರಿಯುತ್ತವೆ. ಜಪಾನಿನ ವಿಜ್ಞಾನಿಗಳಾದ ಅಸಾಕುರಾ ಮತ್ತು ಊಸಾವಾ 1954ರಲ್ಲಿ ಈ ಬಲವನ್ನು ಲೆಕ್ಕ ಹಾಕಿ ತೋರಿಸಿದರು. ಹೀಗೆ ಗುಂಪಾದ ಕಣಗಳು ನೀರಿಗಿಂತ ಹಗುರ. ಬಿಡಿ ಕಣ ಮೇಲೇರಲು ಹೆಣಗಿದರೆ ಗುಂಪು ಸಲೀಸಾಗಿ ಏರುತ್ತದೆ, ಏಕೆಂದರೆ ಅಗಲ ಎರಡು ಪಟ್ಟಾದರೆ ವೇಗ ನಾಲ್ಕು ಪಟ್ಟು. ಸೋಪು ಕಣಗಳ ಮೈಗೆ ಹತ್ತಿ ಅವು ಪೂರ್ತಿ ಅಂಟಿಹೋಗದಂತೆ ಕಾಯುತ್ತದೆ. ಅದಕ್ಕೇ ಕೆನೆಗೆ ನೀರು ಹಾಕಿ ಕದಡಿದರೆ ಮತ್ತೆ ಹಾಲು.

ಬ್ಯಾರೆಲಿನಲ್ಲಿ ಜೊತೆಗೂಡಿದ ಪಾಲಿಮರ್, ಸೋಪುಗಳ ಜೋಡಿ ಬಚ್ಚಲುಮನೆಯಲ್ಲೂ ಸಿಗುತ್ತದೆ, ಆದರೆ ಅಲ್ಲಿ ಅವುಗಳ ಆಟವೇ ಬೇರೆ. ಪಾಲಿಮರ್ ಮತ್ತು ಸೋಪು ಒಂದೇ ವಿದ್ಯುದಂಶದವಾದರೆ ಪರಸ್ಪರ ದೂರ ಇರುತ್ತವೆ; ವಿರುದ್ಧವಾದರೆ ಒಂದನ್ನೊಂದು ಹಿಡಿದು ನೀರಿನಿಂದಲೇ ಹೊರಬೀಳುತ್ತವೆ. ಕಂಡೀಷನರ್ ಬೆರೆತ ಶಾಂಪೂವಿನಲ್ಲಿ ಆಗುವುದು ಎರಡನೆಯದು. ಬಾಟಲಿಯಲ್ಲಿ ಸೋಪಿನ ಅಂಶ ವಿಪರೀತ ಇರುವುದರಿಂದ ಧನ ವಿದ್ಯುದಂಶದ ಗೋರಿಕಾಯಿ ಜಾತಿಯ ಅಂಟು ಕರಗಿರುತ್ತದೆ. ತಲೆಗೆ ನೀರು ಸುರಿದು ತೆಳುವಾದೊಡನೆ ಅದು ಸೋಪಿನ ಜೊತೆ ಸಣ್ಣ ಹನಿಗಳಾಗಿ ಬೇರ್ಪಟ್ಟು ಕೂದಲಿಗೆ ಹತ್ತುತ್ತದೆ.

ಮತ್ತೆ ರಬ್ಬರಿಗೆ ಬರೋಣ. ಗಂಜಿಯಿಂದ ಕೆನೆ ತೆಗೆಯುವುದು ಇಷ್ಟು ಸುಲಭವಾಗಿದ್ದರೆ ನಮ್ಮ ತೋಟದವರು ಕೆನೆಯನ್ನೇ ಯಾಕೆ ಮಾರುವುದಿಲ್ಲ? ಕೆನೆ ಕಟ್ಟಲು ದಿನಗಟ್ಟಲೆ ಕಾಯಬೇಕು, ಅಮೋನಿಯದ ಘಾಟು ಸಹಿಸಬೇಕು, ಬ್ಯಾರೆಲಿಗೆ ಜಾಗ ಬೇಕು. ಅಡಿಯ ನೀರಿನಲ್ಲಿ ತೀರಾ ಸಣ್ಣ ಕಣಗಳು ಉಳಿದೇ ಉಳಿಯುತ್ತವೆ; ಅವುಗಳನ್ನು ಹಿಡಿಯಲು ಕೊನೆಗೆ ಆಸಿಡ್ಡೇ ಬೇಕು. ಶೀಟಾದರೆ ಒಣಗಿಸಿ, ಅಟ್ಟಿ ಹಾಕಿ, ರೇಟು ಏರುವವರೆಗೆ ಮನೆಯಲ್ಲೇ ಇಟ್ಟುಕೊಳ್ಳಬಹುದು.