ಕೋರದ ಗಾಳಿ ಬಗ್ಗೆ ಜಗತ್ತಿಗೆ ಹೇಳೋದು ಹೇಗೆ?

ತುಮಕೂರು ತಾಲ್ಲೂಕಿನ ಕೋರ ಹೋಬಳಿ ಅಂದ್ರೆ ಈಗ ಬರೀ ಹಳ್ಳಿಗಳಲ್ಲ. ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾ ಇರೋದು ಇಲ್ಲೇ. 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆ ಆಗಿದ್ದೂ ಇಲ್ಲೇ. ಕಾರ್ಖಾನೆ, ಲಾರಿ, ಪಕ್ಕದಲ್ಲೇ ರಾಗಿ ಹೊಲ. ಇಲ್ಲಿನ ಗಾಳಿ ಅಳೆದು ಒಂದು ಪ್ರಾಜೆಕ್ಟ್ ಮಾಡೋಣ ಅನ್ನೋದು ಒಳ್ಳೆ ಐಡಿಯಾ. ಆದರೆ ಅಳೆಯೋದು ಅರ್ಧ ಕೆಲಸ ಅಷ್ಟೇ. ಬೇರೆ ದೇಶದ ಸಂಶೋಧಕರಿಗೂ ಅದು ಸರಿಯಾಗಿ ಅರ್ಥ ಆಗಬೇಕು.

ಅವರಿಗೆ ಯಾಕೆ ಹೇಳಬೇಕು? 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಇರೋದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮಾತ್ರ. ಮಾನಿಟರ್ ಇಲ್ಲದ ಊರು ಇಂಥ ಪಟ್ಟಿಗೆ ಬರೋದೇ ಕಷ್ಟ. ಜಾಗತಿಕ ನಕ್ಷೆಗಳು ಅಂಥ ಊರುಗಳ ಗಾಳಿಯನ್ನು ಉಪಗ್ರಹದಿಂದ ಅಂದಾಜು ಮಾಡುತ್ತವೆ. ಆ ಅಂದಾಜು ಸರಿ ಇದೆಯಾ ಅಂತ ನೋಡೋಕೆ ನೆಲದ ಮೇಲಿನ ಅಳತೆ ಬೇಕೇ ಬೇಕು.

ಹಂಚಿಕೊಳ್ಳುವಾಗ ನಾಲ್ಕು ವಿಷಯ ನೆನಪಿರಲಿ.

1. ಎಕ್ಯೂಐ ಕೊಟ್ಟರೆ ಸಾಲದು, ಮೈಕ್ರೋಗ್ರಾಂ ಕೊಡಿ.
ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಕಣಗಳು 24 ಗಂಟೆಯ ಸರಾಸರಿ 60 ಮೈಕ್ರೋಗ್ರಾಂ ಇವೆ ಅನ್ಕೊಳ್ಳಿ. ಭಾರತದ ಎಕ್ಯೂಐನಲ್ಲಿ ಅದು 100, ಅಂದ್ರೆ 'ತೃಪ್ತಿಕರ'. ಅಮೆರಿಕದ ಲೆಕ್ಕದಲ್ಲಿ ಅದೇ ಗಾಳಿ 150 ದಾಟಿ 'ಅನಾರೋಗ್ಯಕರ' ಆಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ 24 ಗಂಟೆಯ ಮಿತಿ ಬರೀ 15. ಗಾಳಿ ಒಂದೇ, ಹಣೆಪಟ್ಟಿ ಬೇರೆ ಬೇರೆ.

2. ಸೆನ್ಸರ್ ಬಗ್ಗೆ ಬರೀರಿ.
ನಾವು ಆರ್ಡುಯಿನೋಗೆ ಹಾಕೋ ಕಡಿಮೆ ಬೆಲೆಯ ಸೆನ್ಸರ್‌ಗಳು ಬೆಳಕು ಚದುರೋದನ್ನ ನೋಡಿ ಕಣಗಳನ್ನ ಲೆಕ್ಕ ಹಾಕುತ್ತವೆ. ತೇವ ಜಾಸ್ತಿ ಇದ್ದಾಗ ಕಣಗಳು ನೀರು ಹೀರಿ ಉಬ್ಬುತ್ತವೆ, ರೀಡಿಂಗ್ ಏರುತ್ತೆ. ಅದಕ್ಕೇ ಮೊದಲು ಸೆನ್ಸರನ್ನು ಪ್ರಮಾಣಿತ ಯಂತ್ರದ ಪಕ್ಕ ಕೆಲವು ವಾರ ಇಟ್ಟು ಹೋಲಿಸಬೇಕು. ಯಾವ ಮಾಡೆಲ್, ಎಷ್ಟು ಎತ್ತರದಲ್ಲಿತ್ತು, ಹೇಗೆ ತಿದ್ದಿದಿರಿ, ಎಲ್ಲಾ ದಾಖಲಿಸಿ. ತೇವಾಂಶದ ರೀಡಿಂಗ್ ಕೂಡ ಜೊತೆಗೇ ಕೊಡಿ.

3. ಸಮಯ ಯಾವುದು ಅಂತ ಹೇಳಿ.
ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ನೀವು ಬರೀ '9:00' ಅಂತ ಬರೆದು, ಓದುವವರು ಅದನ್ನ ಯುಟಿಸಿ ಅಂದ್ಕೊಂಡರೆ, ಬೆಳಗಿನ ಶಿಫ್ಟ್ ಟ್ರಾಫಿಕ್ಕಿನ ಹೊಗೆ ಅವರಿಗೆ ಮಧ್ಯಾಹ್ನ ಎರಡೂವರೆಯ ಹೊಗೆಯಾಗಿ ಕಾಣುತ್ತೆ.

4. ಊರಿನ ಕಥೆ ಸೇರಿಸಿ.
ಸುಗ್ಗಿಯಲ್ಲಿ ನಮ್ಮ ಕಡೆ ರಾಗಿ ತೆನೆಯನ್ನ ರಸ್ತೆ ಮೇಲೆ ಹರಡಿ ಒಕ್ಕಣೆ ಮಾಡ್ತಾರೆ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಇಂಥ ಧೂಳು ಹೆಚ್ಚಾಗಿ ದಪ್ಪ ಕಣ. ಹಾಗಾಗಿ ಪಿಎಂ 10 ಏರುತ್ತೆ, ಪಿಎಂ 2.5 ಅಷ್ಟಾಗಿ ಏರಲ್ಲ. ಡೀಸೆಲ್, ಕಸ ಸುಟ್ಟ ಹೊಗೆ ಇದರ ಉಲ್ಟಾ, ಬಹುಪಾಲು ಸಣ್ಣ ಕಣ. ಈ ಮಾಹಿತಿ ಇಲ್ಲದಿದ್ದರೆ ಒಕ್ಕಣೆಯ ಧೂಳನ್ನು ಕಾರ್ಖಾನೆ ಲೆಕ್ಕಕ್ಕೋ, ಕಾರ್ಖಾನೆ ಹೊಗೆಯನ್ನು ರೈತರ ಲೆಕ್ಕಕ್ಕೋ ಬರೆದುಬಿಡಬಹುದು. ಪರಿಹಾರವೂ ದಾರಿ ತಪ್ಪುತ್ತೆ.

ಇಷ್ಟಾದ ಮೇಲೆ ಎಲ್ಲಿ ಹಾಕೋದು? ಸರ್ನ್ ನಡೆಸುವ ಝೆನೋಡೋದಲ್ಲಿ ಡೇಟಾ ಉಚಿತವಾಗಿ ಇಡಬಹುದು. ಬೇರೆಯವರು ಉಲ್ಲೇಖ ಮಾಡೋಕೆ ಡಿಒಐ ಸಂಖ್ಯೆಯೂ ಸಿಗುತ್ತೆ. ಜಗತ್ತಿನ ವಾಯು ಮಾಹಿತಿಯನ್ನ ಓಪನ್‌ಎಕ್ಯೂ ಒಂದೇ ಕಡೆ ಸೇರಿಸುತ್ತೆ, ನಿಮ್ಮ ಊರನ್ನು ಬೇರೆ ದೇಶದ ಊರಿನ ಜೊತೆ ಹೋಲಿಸೋಕೆ ಅದು ಅನುಕೂಲ. ಬೆಂಗಳೂರಿನ ಸಿಸ್ಟೆಪ್ ಸಂಸ್ಥೆ ನಡೆಸುವ ಇಂಡಿಯಾ ಕ್ಲೀನ್ ಏರ್ ಸಮಿಟ್‌ಗೂ ಗಮನ ಕೊಡಿ.

ಜಗತ್ತಿಗೆ ಇಂಗ್ಲಿಷ್‌ನಲ್ಲಿ ಬರೆದ ಮೇಲೆ ಒಂದು ಪುಟ ಕನ್ನಡದಲ್ಲೂ ಬರೆದು ಕೋರ ಗ್ರಾಮ ಪಂಚಾಯಿತಿಗೆ ಕೊಡಿ. ಆ ಗಾಳಿಯನ್ನ ದಿನಾ ಉಸಿರಾಡೋದು ಅಲ್ಲಿನ ಜನ. ಅದರಲ್ಲಿ ಏನಿದೆ ಅಂತ ಮೊದಲು ಗೊತ್ತಾಗಬೇಕಾಗಿರೋದೂ ಅವರಿಗೇ.