ಪಾಸು ಜೇಬಿನಲ್ಲಿದೆ, ಮೆಟ್ಟಿಲು ಮೊಣಕಾಲೆತ್ತರ

ದೇವದುರ್ಗದ ನಿಲ್ದಾಣಕ್ಕೆ ರಾಯಚೂರು ಬಸ್ ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವವರ ಗದ್ದಲ. ಊರುಗೋಲಿನವರು ಗುಂಪು ಕರಗಲೆಂದು ಕಾಯುತ್ತಾರೆ. ಆಮೇಲೆ ಊರುಗೋಲುಗಳನ್ನು ಒಳಗಿದ್ದವರ ಕೈಗೆ ಕೊಟ್ಟು, ಬಿಸಿಲಿಗೆ ಕಾದ ಕಂಬಿ ಹಿಡಿದು, ತೋಳಿನ ಬಲದಲ್ಲೇ ಮೈಯನ್ನೆಲ್ಲ ಮೊದಲ ಮೆಟ್ಟಿಲಿಗೆ ಎಳೆದುಕೊಳ್ಳಬೇಕು. ಅಷ್ಟರಲ್ಲಿ ‘ಲಗೂ ಹತ್ರೀ’ ಎಂಬ ಕೂಗು. ‘ಅಂಗವಿಕಲರಿಗೆ’ ಎಂದು ಬರೆದ ಸೀಟಿನಲ್ಲಿ ಯಾರದೋ ಟವೆಲ್ ಆಗಲೇ ಕೂತಿರುತ್ತದೆ. ಗಾಲಿಕುರ್ಚಿಯವರಿಗೆ ಇಷ್ಟೂ ಸಾಧ್ಯವಿಲ್ಲ. ಅವರನ್ನು ಇಬ್ಬರು ಎತ್ತಿ ಹತ್ತಿಸಬೇಕು.

ಸರ್ಕಾರ ಟಿಕೆಟ್ಟಿನ ಬಗ್ಗೆ ಯೋಚಿಸಿಲ್ಲವೆಂದಲ್ಲ. ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ವಾಸಸ್ಥಳದಿಂದ 100 ಕಿ.ಮೀ. ಒಳಗೆ ಓಡಾಡಲು ಸಾರಿಗೆ ನಿಗಮದ ಪಾಸು ಸಿಗುತ್ತದೆ. ಮಾನ್ವಿ, ದೇವದುರ್ಗದವರಿಗೆ ರಾಯಚೂರು ಈ ಮಿತಿಯೊಳಗೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗಂತೂ ಪ್ರಯಾಣವೇ ಉಚಿತ. ದುಡ್ಡಿನ ತೊಡಕು ಬಹುಮಟ್ಟಿಗೆ ಬಗೆಹರಿದಿದೆ. ಮೆಟ್ಟಿಲಿನದ್ದು ಹಾಗೇ ಉಳಿದಿದೆ.

ದೊಡ್ಡ ತಪಾಸಣೆಗೆ ರಿಮ್ಸ್ ಆಸ್ಪತ್ರೆ, ದೊಡ್ಡ ಅರ್ಜಿಗೆ ಜಿಲ್ಲಾಧಿಕಾರಿ ಕಚೇರಿ. ಎರಡಕ್ಕೂ ರಾಯಚೂರಿಗೇ ಬರಬೇಕು. ಸಹಾಯಕರಿಲ್ಲದೆ ಪ್ರಯಾಣಿಸಲಾಗದ ಅಂಗವಿಕಲರಿಗೂ ಅವರ ಜೊತೆಗಾರರಿಗೂ ರೈಲಿನ ಸ್ಲೀಪರ್ ದರ್ಜೆಯಲ್ಲಿ ಶೇ 75ರಷ್ಟು ರಿಯಾಯಿತಿ ಇದೆ. ಆದರೆ ದೇವದುರ್ಗಕ್ಕೆ ರೈಲೇ ಇಲ್ಲ. ರೈಲು ಹತ್ತಬೇಕಾದರೂ ಮೊದಲು ಬಸ್ಸು ಹತ್ತಬೇಕು. ಟಂಟಂ ಆಟೊದ ನೆಲ ತಗ್ಗು, ಹತ್ತುವುದು ಸಲೀಸು. ಆದರೆ ಮಂದಿ ತುಂಬಿದ ಮೇಲೆ ಗಾಲಿಕುರ್ಚಿಗೆ ಜಾಗವೆಲ್ಲಿ? ಇಡೀ ಗಾಡಿ ಬಾಡಿಗೆಗೆ ಹಿಡಿದರೆ ಪಾಸಿನಲ್ಲಿ ಉಳಿದದ್ದು ಅಲ್ಲೇ ಕರಗುತ್ತದೆ.

ಬಸ್ ನಿಲ್ದಾಣ, ವಾಹನ ಎರಡೂ ಅಂಗವಿಕಲರ ಬಳಕೆಗೆ ಒದಗುವಂತಿರಬೇಕು ಎನ್ನುತ್ತದೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್. ಇಂಥ ಸೌಲಭ್ಯದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ನವೆಂಬರ್ 8ರಂದು.

ತಗ್ಗು ನೆಲದ ಬಸ್ಸು ಹಳ್ಳಿ ರಸ್ತೆಗೆ ಒಗ್ಗದು ಎನ್ನುವವರಿದ್ದಾರೆ. ಇರಲಿ, ಬಸ್ಸನ್ನು ತಗ್ಗಿಸಲಾಗದಿದ್ದರೆ ನಿಲ್ದಾಣದ ನೆಲವನ್ನೇ ಎತ್ತರಿಸಬಹುದಲ್ಲ! ಒಂದಡಿ ಎತ್ತರದ ಕಟ್ಟೆಗೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು. ಒಂದು ಅಂಕಣದ ಬದಿಗೆ ಅಷ್ಟು ಜಾಗ ಹೊಂದಿಸುವುದು ಕಷ್ಟವಲ್ಲ. ಅದು ಆಗುವವರೆಗೆ, ಕಂಡಕ್ಟರ್ ಸೀಟಿ ಊದುವ ಮೊದಲು ಎರಡು ನಿಮಿಷ ತಡೆದು ಆ ಟವೆಲ್ ಎತ್ತಿಸಿದರೂ ಸಾಕು, ಇವತ್ತಿನ ಪ್ರಯಾಣವಾದರೂ ಕೂತು ಸಾಗೀತು.