ಎರೆ ಮಣ್ಣಿನ ಮನೆಗೆ ಎಂಥ ಗಿಡ?

ಶಹಾಪುರದ ನಮ್ಮ ಹೊಸ ಮನೆ ನಿಂತಿರುವುದು ಅಪ್ಪನ ಸಾಲದ ಮೇಲೆ ಮತ್ತು ಎರೆ ಮಣ್ಣಿನ ಮೇಲೆ. ಎರಡನ್ನೂ ಹುಷಾರಾಗಿ ನೋಡಿಕೊಳ್ಳಬೇಕು. ಗೃಹಪ್ರವೇಶ ಮುಗಿದ ಮೇಲೆ ಗೋಡೆ ಸುತ್ತ ಏನು ನೆಡಬೇಕೆಂಬ ಚರ್ಚೆ ಶುರುವಾಯಿತು. ‘ಬ್ಯಾಸಗಿ ಬಿಸಲಿಗಿ ಬಾಗಲ ಮುಂದ ಬೇವಿನ ಗಿಡ ಇರಬೇಕವ್ವ’ ಎಂದಳು ಆಯಿ. ಸುರಪುರದ ಮಾಮನ ಮನೆ ಗೋಡೆಯ ಪಕ್ಕದಲ್ಲೇ ದೊಡ್ಡ ಬೇವಿದೆ, ಏನೂ ಆಗಿಲ್ಲ ಎಂಬುದು ಅವಳ ಸಾಕ್ಷಿ.

ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆ ದಿನಾ ಯಾದಗಿರಿಗೆ ಹೋಗಿಬರುವ ನನಗೆ ಭೂಗೋಳದ ಒಂದು ಸಾಲು ಬಾಯಿಪಾಠ: ಕಪ್ಪು ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಗುಣವದು. ದೊಡ್ಡ ಮರದ ಬೇರು ಪಾಯದ ಬುಡದ ತೇವ ಹೀರಿದರೆ ಅಲ್ಲಿನ ಮಣ್ಣು ಕುಗ್ಗಿ, ಪಾಯ ಒಂದು ಕಡೆ ಇಳಿದು, ಗೋಡೆ ಸೀಳಬಹುದು. ನೀರು ಹೆಚ್ಚು ಬೇಡುವ ಬಾಳೆಯನ್ನು ಗೋಡೆಗೆ ಹಚ್ಚಿದರೂ ಕಷ್ಟ. ಅಲ್ಲಿ ಮಣ್ಣು ಉಬ್ಬುತ್ತದೆ. ಮಾಮನ ಮನೆ ಇರುವುದು ಗುಡ್ಡದ ಮಗ್ಗುಲಿನ ಗರಸು ನೆಲದಲ್ಲಿ. ಅದು ಹೀಗೆ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಗಿಡ ಒಂದೇ, ನೆಲ ಬೇರೆ.

ಎರೆ ನೆಲದಲ್ಲಿ ಮರ ಎಷ್ಟು ಎತ್ತರ ಬೆಳೆಯುತ್ತದೋ ಮನೆಯಿಂದ ಅಷ್ಟು ದೂರ ಇದ್ದರೆ ಸುರಕ್ಷಿತ ಎಂಬುದು ಸ್ಥೂಲ ಲೆಕ್ಕ. ಬೇವು 50 ಅಡಿಯವರೆಗೂ ಬೆಳೆಯುತ್ತದೆ. ನಮ್ಮ ಸೈಟೇ 30×40! ಇದನ್ನು ಹೇಳಿದಾಗ ಆಯಿ ತುಸು ಹೊತ್ತು ಸುಮ್ಮನಿದ್ದು, ‘ಹಂಗಾರ ಹೊಲದಾಗ ಹಚ್ಚು, ಬುತ್ತಿ ಉಣ್ಣಾಕರ ನೆಳ್ಳಾಗ್ತದ’ ಎಂದಳು. ಬೇವು ಬದುವಿಗೆ ಹೋಯಿತು.

ಮನೆ ಸುತ್ತ ಮಣ್ಣನ್ನು ಹೊರಕ್ಕೆ ಇಳಿಜಾರು ಮಾಡಿ, ಗೋಡೆಯಿಂದ 3 ಅಡಿ ಬಿಟ್ಟು ದಾಸವಾಳ, ಮಲ್ಲಿಗೆ, ಲೋಳೆಸರ ಹಚ್ಚಿದ್ದೇವೆ. ತುಳಸಿ, ಕರಿಬೇವು ಕುಂಡದಲ್ಲಿವೆ. ಸಂಜೆ ಬಿಸಿಲಿಗೆ ಕಾಯುವ ಪಡುವಣ ಗೋಡೆಯ ಮುಂದೆ ಹಂದರ ಹಾಕಿ ಹೀರೆಬಳ್ಳಿ ಹಬ್ಬಿಸಿದ್ದೇವೆ. ನೆರಳೂ ಆಯಿತು, ಪಲ್ಯವೂ ಆಯಿತು. ಕಣಗಿಲೆ ಕಡಿಮೆ ನೀರಿಗೂ ಬದುಕುತ್ತದೆ, ಆದರೆ ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಆಡುಮರಿ, ಮಕ್ಕಳು ಓಡಾಡುವ ಅಂಗಳಕ್ಕೆ ಬೇಡವೆಂದು ಬಿಟ್ಟೆವು. ಸಜ್ಜೆಯ ಸಂದಿಯಲ್ಲಿ ಹಕ್ಕಿಯ ಹಿಕ್ಕೆಯಿಂದ ಅರಳಿ ಹುಟ್ಟಿದರೆ ಎಳೆಯದಿರುವಾಗಲೇ ಕೀಳಬೇಕು.

ಮನೆಗೆ ನಾನಿನ್ನೂ ಸಂಬಳ ತಂದಿಲ್ಲ. ಆದರೆ ಅಂಕಕ್ಕಾಗಿ ಓದಿದ ಒಂದು ಸಾಲು ಅಪ್ಪನ ಗೋಡೆಯನ್ನು ಕಾಯುತ್ತಿದೆ. ಗೆಳೆಯರೇ, ನರ್ಸರಿಗೆ ಹೋಗುವ ಮುನ್ನ ನಿಮ್ಮ ಅಂಗಳದ ಒಂದು ಹಿಡಿ ಮಣ್ಣು ಕಲಸಿ, ಉಂಡೆ ಕಟ್ಟಿ ಒಣಗಿಸಿ ನೋಡಿ. ಅದು ಬಿರುಕು ಬಿಟ್ಟರೆ ದೊಡ್ಡ ಮರವನ್ನು ಗೋಡೆಯಿಂದ ದೂರವಿಡಿ.